ಮಳೆಗಾಲದಲ್ಲಿ ಕನ್ನಡಿಯ ಅಂಚು ತಗ್ಗುತ್ತಿದೆ, ಪರಿಹಾರವೇನು?

ಪ್ರಶ್ನೆ (ಮಡಿಕೇರಿ):
ಅವಕೆಂಪು (ಇನ್‌ಫ್ರಾರೆಡ್) ಕ್ಯಾಮೆರಾಕ್ಕಾಗಿ ಸಾಧಾರಣ ಗಾಜಿನಲ್ಲಿ 200 ಮಿ.ಮೀ. ವ್ಯಾಸದ, ಎಫ್/6 (ಫೋಕಸ್ ದೂರ ವ್ಯಾಸದ ಆರರಷ್ಟು) ಪ್ಯಾರಾಬೋಲಾ ಕನ್ನಡಿಯನ್ನು ತಯಾರಿಸುತ್ತಿದ್ದೇನೆ. ಪಾಲಿಶ್ ಮುಗಿಸಿ ಫೂಕೋ ಪರೀಕ್ಷೆಗೆ (ಕನ್ನಡಿಯಿಂದ ಮರಳುವ ಬೆಳಕನ್ನು ಅಲಗಿನಿಂದ ತಡೆದು, ಮೂಡುವ ನೆರಳಿನಿಂದ ಅದರ ಆಕಾರ ತಿಳಿಯುವ ಪರೀಕ್ಷೆ) ಇಟ್ಟೊಡನೆ ಅಂಚು ಅಗಲವಾಗಿ ತಗ್ಗಿದಂತೆ ಕಾಣುತ್ತದೆ. ಮರುದಿನ ಬೆಳಿಗ್ಗೆ ನೋಡಿದರೆ ಹೊರಗಿನ ಎರಡು-ಮೂರು ಮಿಲಿಮೀಟರ್ ಮಾತ್ರ ತಗ್ಗಿರುತ್ತದೆ. ಯಾವುದನ್ನು ನಂಬಬೇಕು? ಥಂಡಿ ಹೋಗಲೆಂದು ಕೋಣೆಯಲ್ಲಿ ಇದ್ದಿಲ ಒಲೆ ಉರಿಯುತ್ತಿರುತ್ತದೆ.

ಉತ್ತರ (ವಿರಾಜಪೇಟೆ):
ಬೆಳಗಿನದನ್ನೇ ನಂಬಿ. ಉಜ್ಜಿದ ಗಾಜು ಬೆಚ್ಚಗಿರುತ್ತದೆ. ಅಂಚು ಪಕ್ಕದಿಂದಲೂ ಗಾಳಿಗೆ ತೆರೆದಿರುವುದರಿಂದ ಮಧ್ಯಭಾಗಕ್ಕಿಂತ ಮೊದಲೇ ತಣಿದು ಕುಗ್ಗಿ, ಇಲ್ಲದ ತಗ್ಗನ್ನು ತೋರಿಸುತ್ತದೆ. ಬೋರೋಸಿಲಿಕೇಟ್ ಗಾಜು ಆಗಿದ್ದರೆ ಹಿಗ್ಗು-ಕುಗ್ಗು ಇದರ ಮೂರನೇ ಒಂದರಷ್ಟೇ ಇರುತ್ತಿತ್ತು. ಪರೀಕ್ಷೆಯ ಹೊತ್ತಿಗೆ ಒಲೆಯಂತೂ ಆ ಕೋಣೆಯಲ್ಲಿ ಇರಲೇಬಾರದು, ಏಕೆಂದರೆ ಪರೀಕ್ಷೆಯ ದೀಪದಿಂದ ಕನ್ನಡಿಗಿರುವ 2.4 ಮೀಟರ್ ದೂರವನ್ನು ಬೆಳಕು ಹೋಗಿ ಬರುವಾಗ ಬಿಸಿಗಾಳಿ ನೆರಳನ್ನೆಲ್ಲ ಅಲುಗಿಸುತ್ತದೆ.

ಉಳಿಯುವ ತಗ್ಗು ಮಾತ್ರ ನಿಜವಾದದ್ದು, ಮತ್ತು ನನ್ನ ಅನುಮಾನ ಪಿಚ್ (ಪಾಲಿಶ್ ಮಾಡಲು ಬಳಸುವ ಟಾರಿನಂಥ ಅಂಟು) ಮೇಲೆ. ಬಯಲುಸೀಮೆಯ ಬೇಸಿಗೆಗೆ ಹದ ಮಾಡಿದ ಪಿಚ್ ನಮ್ಮ ಜುಲೈ ಚಳಿಗೆ ಬಿರುಸಾಗಿ, ಕನ್ನಡಿಗೆ ಸಮನಾಗಿ ಕೂರುವುದಿಲ್ಲ. ಕೆಲಸದ ಕೋಣೆಯಲ್ಲೇ ಹೆಬ್ಬೆರಳ ಉಗುರನ್ನು ಅದಕ್ಕೆ ಒತ್ತಿ ಹಿಡಿದು ನೋಡಿ: ಕೆಲವು ಸೆಕೆಂಡಿನಲ್ಲಿ ಗುರುತು ಮೂಡದಿದ್ದರೆ ಕರಗಿಸಿ, ಬೆಂಕಿಯಿಂದ ದೂರವಿಟ್ಟು ತುಸು ಟರ್ಪೆಂಟೈನ್ ಬೆರೆಸಿ. ಲ್ಯಾಪನ್ನು (ಪಿಚ್ ಹಚ್ಚಿದ, ಉಜ್ಜುವ ಬಿಲ್ಲೆಯನ್ನು) ಬಿಸಿನೀರಿನಲ್ಲಿ ಮೆತ್ತಗಾಗಿಸಿ ಕನ್ನಡಿಯ ಮೇಲೆ ಒತ್ತಿಟ್ಟು, ಪೂರ್ತಿ ತಣಿದ ಮೇಲೆ ಗಿಡ್ಡ ಎಳೆತಗಳಲ್ಲಿ ಉಜ್ಜಿ. ಉದ್ದ ಎಳೆತ ಬೇಡವೇ ಬೇಡ.

ಮರುಪ್ರಶ್ನೆ (ಮಡಿಕೇರಿ):
ಅವಕೆಂಪಿಗೆ ಇಷ್ಟು ನಿಖರತೆ ಬೇಕೇ? ಅಂಚಿಗೆ ಕಪ್ಪು ಉಂಗುರ ಮುಚ್ಚಿದರೆ ಸಾಲದೇ? ಕ್ಯಾಮೆರಾ ಇಂಡಿಯಮ್ ಗ್ಯಾಲಿಯಮ್ ಆರ್ಸೆನೈಡ್ ಮಾದರಿಯದು.

ಉತ್ತರ (ವಿರಾಜಪೇಟೆ):
ಆ ಕ್ಯಾಮೆರಾ ಸಾಮಾನ್ಯವಾಗಿ 1.7 ಮೈಕ್ರಾನ್ ತರಂಗಾಂತರದವರೆಗೆ ಮಾತ್ರ ನೋಡುವುದರಿಂದ ಉಂಗುರ ಸಾಕು; 3 ಮಿ.ಮೀ. ಮುಚ್ಚಿದರೆ ಹೋಗುವ ಬೆಳಕು ಶೇಕಡಾ 6. ಮುಂದೆ 2.3 ಮೈಕ್ರಾನ್ ದಾಟುವ ಯೋಚನೆಯಿದ್ದರೆ ಉಂಗುರವನ್ನು ಮರೆತುಬಿಡಿ, ಅಲ್ಲಿ ಆ ಕಪ್ಪು ಬಳಿತವೇ ತನ್ನ ಶಾಖದಿಂದ ಹೊಳೆಯತೊಡಗುತ್ತದೆ.

ನಿಖರತೆಯಲ್ಲಿ ನಿಮಗೆ ರಿಯಾಯಿತಿ ಇರುವುದು ನಿಜ. ನಿಮ್ಮ ಅಳತೆಯ ಕನ್ನಡಿಯನ್ನು ಗೋಳವಾಗಿಯೇ ಬಿಟ್ಟರೂ, ಅತ್ಯುತ್ತಮ ಫೋಕಸ್‌ನಲ್ಲಿ ತರಂಗದ ದೋಷ ಸುಮಾರು 0.45 ಮೈಕ್ರಾನ್, ಹಸಿರು ಬೆಳಕಿಗೆ ಇದು ಮುಕ್ಕಾಲು ತರಂಗಕ್ಕೂ ಹೆಚ್ಚು, 1.6 ಮೈಕ್ರಾನ್‌ಗೆ, ಸಾಮಾನ್ಯವಾಗಿ ಒಪ್ಪುವ ಮಿತಿಯಾದ ಕಾಲು ತರಂಗಕ್ಕಿಂತ ತುಸು ಮಾತ್ರ ಜಾಸ್ತಿ. ಆದ್ದರಿಂದ ಗೋಳವನ್ನು ಪ್ಯಾರಾಬೋಲಾ ಮಾಡುವ ತಿದ್ದುವಿಕೆ ಅರ್ಧದಷ್ಟು ಬಂದರೂ ಚಿತ್ರ ಕೆಡುವುದಿಲ್ಲ. ಲೇಪನದಲ್ಲಿ ಮಾತ್ರ ಬರಿಯ ಬೆಳ್ಳಿ ಬೇಡ, ನಮ್ಮ ತೇವಕ್ಕೆ ಅದು ಬೇಗ ಕಪ್ಪಾಗುತ್ತದೆ. ರಕ್ಷಣಾ ಪದರವಿರುವ ಅಲ್ಯೂಮಿನಿಯಮ್ ಮಾಡಿಸಿ.