ಡಿ500 ಬಿಟ್ಟು ಫುಲ್ ಫ್ರೇಮ್‌ಗೆ ಹೋಗಲಾ? ಎರಡೂ ಬಳಸಿದವರು ಹೇಳಿ

ಕೇಳಿದವರು:
ನನ್ನ ಹತ್ತಿರ ನಿಕಾನ್ ಡಿ500 ಕ್ಯಾಮೆರಾ ಇದೆ (ಚಿಕ್ಕ ಸೆನ್ಸರ್, ನಿಕಾನ್ ಅದನ್ನು ಡಿಎಕ್ಸ್ ಅನ್ನುತ್ತದೆ), ಜೊತೆಗೆ 200-500 ಎಂಎಂ ಲೆನ್ಸ್. ಬಿಡುವಿದ್ದಾಗ ಹಕ್ಕಿ ಫೋಟೊ, ಉಳಿದಂತೆ ಮದುವೆ ಕೆಲಸ. ರಾತ್ರಿ ಹಾಲ್‌ನಲ್ಲಿ ಐಎಸ್‌ಒ (ಬೆಳಕಿನ ಸಂವೇದನೆ) 6400 ದಾಟಿದರೆ ನೆರಳಿನ ಕಡೆ ನಾಯ್ಸ್, ಅಂದರೆ ಕಾಳುಕಾಳು, ಎದ್ದು ಕಾಣುತ್ತದೆ. ದೊಡ್ಡ ಸೆನ್ಸರ್‌ನ, ಅಂದರೆ ಫುಲ್ ಫ್ರೇಮ್, ಸೆಕೆಂಡ್ ಹ್ಯಾಂಡ್ ಡಿ850 ಒಂದು ಸಿಗುವ ಹಾಗಿದೆ. ಸೆನ್ಸರ್ ದೊಡ್ಡದಾದರೆ ಹಕ್ಕಿಗೆ ರೀಚ್ (ದೂರದ್ದನ್ನು ಹತ್ತಿರ ತರುವ ಶಕ್ತಿ) ಹೋಗುತ್ತದೆ ಅನ್ನುವ ಭಯ. ಏನು ಮಾಡಲಿ?

ಹಕ್ಕಿ ಹಿಂದೆ ಓಡಾಡುವವರು:
ಡಿ500 ಕೊಡಬೇಡಿ. ಅದು ಬಂದ ವರ್ಷ, 2016ರಲ್ಲೇ ನಾನು ತೆಗೆದುಕೊಂಡೆ. ಇವತ್ತಿಗೂ ಅದೇ. ಸೆಕೆಂಡಿಗೆ 10 ಫ್ರೇಮ್. ಒಳ್ಳೆಯ ಎಕ್ಸ್‌ಕ್ಯೂಡಿ ಮೆಮೊರಿ ಕಾರ್ಡ್ ಇದ್ದರೆ ಒಂದೇ ಉಸಿರಿಗೆ 200 ರಾ (ಸಂಸ್ಕರಿಸದ ಮೂಲ ಚಿತ್ರದ) ಫೈಲ್ ಬರೆಯುತ್ತದೆ. 153 ಫೋಕಸ್ ಪಾಯಿಂಟ್ ಎಡದ ಅಂಚಿನಿಂದ ಬಲದ ಅಂಚಿನವರೆಗೆ ಹರಡಿವೆ. ಫುಲ್ ಫ್ರೇಮ್ ಡಿ5, ಡಿ850ರಲ್ಲೂ ಅದೇ ಫೋಕಸ್ ಮಾಡ್ಯೂಲ್. ಆದರೆ ಅಲ್ಲಿ ಫ್ರೇಮ್ ದೊಡ್ಡದು, ಪಾಯಿಂಟ್‌ಗಳೆಲ್ಲ ನಡುವಿನಲ್ಲೇ ಗುಂಪಾಗಿವೆ. ಮಿಂಚುಳ್ಳಿ ನೀರಿಗೆ ಧುಮುಕುವಾಗ ಅದನ್ನು ನಟ್ಟನಡುವೆ ಇಟ್ಟುಕೊಳ್ಳಲು ಯಾರಿಂದ ಆಗುತ್ತದೆ?

ಖರ್ಚು ಆಗಿದೆ, ಇಲ್ಲ ಅನ್ನುವುದಿಲ್ಲ. ಕಾರ್ಡ್ ದುಬಾರಿ, ಅದಕ್ಕೆ ರೀಡರ್ ಬೇರೆ. ವರ್ಷಗಟ್ಟಲೆ ಬಳಸಿದ ಮೇಲೆ ಶಟರ್ ಸವೆದು ಹೋಯಿತು. ಬದಲಾಯಿಸಿದ ರಿಪೇರಿಯವನು ಒಳಗೆ ಏನನ್ನೋ ಸರಿಯಾಗಿ ಕೂರಿಸಲಿಲ್ಲ. ಹಾಕಿದ ಲೆನ್ಸೆಲ್ಲ ಹಕ್ಕಿಯ ಹಿಂದಿನ ಕೊಂಬೆಗೇ ಫೋಕಸ್ ಆಗತೊಡಗಿತು. ಫೋಕಸ್ ತಿದ್ದುವ ಫೈನ್ ಟ್ಯೂನ್ ಸೆಟ್ಟಿಂಗ್ ಅನ್ನು ಮೈನಸ್ 20ರ ತುದಿಗೆ ಎಳೆದರೂ ಸಾಲಲಿಲ್ಲ. ಅವನು ದುಡ್ಡು ವಾಪಸ್ ಕೊಡಲಿಲ್ಲ. ಬೇರೆ ಕಡೆ ಬಿಚ್ಚಿಸಿ ಅಷ್ಟೇ ದುಡ್ಡು ಇನ್ನೊಮ್ಮೆ ಸುರಿದೆ. ವಲಸೆ ಹಕ್ಕಿ ಬರುವ ಸೀಸನ್ ಪೂರ್ತಿ ಕೈಯಲ್ಲಿ ಕ್ಯಾಮೆರಾ ಇರಲಿಲ್ಲ. ಆದರೂ ಈ ಬಾಡಿ ಬಿಡುವ ಮನಸ್ಸಾಗಿಲ್ಲ.

ಮದುವೆ ಫೋಟೊಗ್ರಾಫರ್:
ನಾನು ಡಿಎಕ್ಸ್ ಬಿಟ್ಟು ಡಿ850ಕ್ಕೆ ಬಂದವನು. ಲೆಕ್ಕ ನೋಡಿ. ಫುಲ್ ಫ್ರೇಮ್ ಸೆನ್ಸರ್ 36 × 24 ಅಂದರೆ 864 ಚದರ ಮಿಲಿಮೀಟರ್. ಡಿ500ರದ್ದು 23.5 × 15.7, ಸುಮಾರು 369. ಅದೇ ಅಪರ್ಚರ್ (ಎಫ್ ಸಂಖ್ಯೆ), ಅದೇ ಶಟರ್ ಸ್ಪೀಡ್, ಅದೇ ಫ್ರೇಮಿಂಗ್ ಇಟ್ಟರೂ ಒಟ್ಟು ಬೆಳಕು ಎರಡು ಪಟ್ಟಿಗಿಂತ ಜಾಸ್ತಿ. ಬೆಳಕು ಎರಡು ಪಟ್ಟಾದರೆ ಒಂದು ಸ್ಟಾಪ್; ಇಲ್ಲಿ ಒಂದು ಸ್ಟಾಪ್ ಮೇಲೆ ಸ್ವಲ್ಪ ಲಾಭ. ರಾತ್ರಿ ಹಾಲ್‌ನಲ್ಲಿ ಆ ಒಂದು ಸ್ಟಾಪ್ ಮೇಲೇ ನನ್ನ ಹೊಟ್ಟೆಪಾಡು.

ಆದರೆ ಬಾಡಿ ದುಡ್ಡು ಮಾತ್ರ ಎಣಿಸಬೇಡಿ. ನನ್ನ 17-55 ಡಿಎಕ್ಸ್ ಲೆನ್ಸ್ ಹಾಕಿದರೆ ಫ್ರೇಮ್ ತಾನಾಗೇ ಕ್ರಾಪ್ ಆಗುತ್ತದೆ, ನಡುವಿನ ಭಾಗವಷ್ಟೇ ಉಳಿಯುತ್ತದೆ. ಹಾಗೆ ಬಳಸುವುದಾದರೆ ದೊಡ್ಡ ಸೆನ್ಸರ್ ಯಾಕೆ? ಅದನ್ನು ಅರ್ಧಕ್ಕೂ ಕಡಿಮೆಗೆ ಮಾರಿದೆ. 24-70 ಬಂತು. ಆಮೇಲೆ 70-200 ಎಫ್/2.8. ಈ ಎರಡು ಲೆನ್ಸ್ ಸೇರಿ ಬಾಡಿಯ ಬೆಲೆಯನ್ನು ಮೀರಿಸಿದವು. ಇಷ್ಟಕ್ಕೇ ಮುಗಿಯಲಿಲ್ಲ. 45.7 ಮೆಗಾಪಿಕ್ಸೆಲ್, 14 ಬಿಟ್ ರಾ, ಒಂದೊಂದು ಫೈಲ್ ಸುಮಾರು 50 ಎಂಬಿ. ಹಳೇ ಕಂಪ್ಯೂಟರ್ ಪ್ರಿವ್ಯೂ ಮಾಡುವಾಗಲೇ ನಿಂತುಬಿಡುತ್ತಿತ್ತು. ರ್‍ಯಾಮ್ ಹಾಕಿಸಿದೆ, ಸಾಲದೆ ಇಡೀ ಕಂಪ್ಯೂಟರ್ ಬದಲಾಯಿಸಿದೆ. ಪ್ರತಿ ಕೆಲಸಕ್ಕೂ ಎರಡು ಕಾಪಿ, ಹಾಗಾಗಿ ಹಾರ್ಡ್‌ಡಿಸ್ಕ್ ಖರೀದಿ ನಿಂತೇ ಇಲ್ಲ. ಆಲ್ಬಮ್ ತಡವಾಗಿ ಒಬ್ಬ ಗಿರಾಕಿ ಬಾಕಿ ದುಡ್ಡೇ ಕೊಡಲಿಲ್ಲ.

ಲೆಕ್ಕಾಚಾರದವರು:
ರೀಚ್ ಹೋಗುತ್ತದೆ ಅನ್ನುವುದನ್ನು ಮೊದಲು ಬಿಡಿ. ಹಕ್ಕಿ ಮೇಲೆ ಎಷ್ಟು ಪಿಕ್ಸೆಲ್ ಬೀಳುತ್ತದೆ, ಅದೇ ರೀಚ್. ಡಿ500ರ ಪಿಕ್ಸೆಲ್ ಸುಮಾರು 4.2 ಮೈಕ್ರಾನ್, ಡಿ850ರದ್ದು 4.35. ಡಿ850ರಲ್ಲಿ ಡಿಎಕ್ಸ್ ಕ್ರಾಪ್ ಮಾಡಿದರೆ 19.4 ಮೆಗಾಪಿಕ್ಸೆಲ್. ಡಿ500 ಕೊಡುವುದು 20.9. ಪ್ರಿಂಟ್‌ನಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಡಿ5 ತೆಗೆದುಕೊಂಡಿದ್ದರೆ ಭಯಕ್ಕೆ ಅರ್ಥ ಇತ್ತು. ಅದರಲ್ಲಿ ಅಷ್ಟೇ ಜಾಗಕ್ಕೆ 9 ಮೆಗಾಪಿಕ್ಸೆಲ್ ಉಳಿಯುತ್ತದೆ.

ಮದುವೆಯವರ ಲೆಕ್ಕವೂ ಅರ್ಧವೇ. ಎರಡು ಸಾಲು ಜನ ನಿಂತರೆ ಇಬ್ಬರಿಗೂ ಫೋಕಸ್ ಬೇಕಲ್ವಾ? ಡಿಎಕ್ಸ್ ಸೆನ್ಸರ್‌ನಲ್ಲಿ ಎಫ್/2.8 ಕೊಡುವ ಫೋಕಸ್ ಆಳಕ್ಕೆ ಫುಲ್ ಫ್ರೇಮ್‌ನಲ್ಲಿ ಎಫ್/4 ಬೇಕು. ಶಟರ್ ಸ್ಪೀಡ್ ಇಳಿಸುವ ಹಾಗಿಲ್ಲದಿದ್ದರೆ ಐಎಸ್‌ಒ ಎರಡು ಪಟ್ಟು ಏರಿಸಬೇಕು. ಗೆದ್ದ ಸ್ಟಾಪ್ ಅಲ್ಲೇ ಕರಗಿತು.

ಮದುವೆ ಫೋಟೊಗ್ರಾಫರ್:
ಗ್ರೂಪ್ ಫೋಟೊಗೆ ಫ್ಲ್ಯಾಶ್ ಇದೆ ಸ್ವಾಮಿ. ಇಡೀ ರಾತ್ರಿ ಗ್ರೂಪ್ ಫೋಟೊನೇ ತೆಗೆಯುವುದಿಲ್ಲ. ತಾಯಿ ಕಣ್ಣೊರೆಸಿಕೊಳ್ಳುವುದನ್ನು 85 ಎಂಎಂನಲ್ಲಿ ಎಫ್/1.8ಕ್ಕೆ ತೆಗೆಯುತ್ತೇನೆ. ಅಲ್ಲಿ ಹಿಂದಿನ ಗಲಾಟೆ ಕರಗಲೇಬೇಕು, ಬೆಳಕೂ ಬೇಕು. ನಿಮ್ಮ ಗುಣಾಕಾರ ಮನೆಯಲ್ಲಿ ಕೂತು ಮಾಡಿದ್ದು.

ಲೆಕ್ಕಾಚಾರದವರು:
ಮನೆಯಲ್ಲಿ ಕೂತವನಲ್ಲ. ಪತ್ರಿಕೆಗೆ ಒಳಾಂಗಣ ಆಟಗಳನ್ನು ತೆಗೆಯುತ್ತಾ ಕೂದಲು ಹಣ್ಣಾಗಿದೆ. ಮಾತು ಸರಿಯಾಗಿರಲಿ.

ಹಕ್ಕಿ ಹಿಂದೆ ಓಡಾಡುವವರು:
ಪಿಕ್ಸೆಲ್ ಒಂದೇ ಇರಬಹುದು. ಕ್ರಾಪ್ ಮಾಡಿದರೂ ಡಿ850ರ ವೇಗ ಸೆಕೆಂಡಿಗೆ 7 ಫ್ರೇಮ್. ವ್ಯೂಫೈಂಡರ್ ನಡುವೆ ಒಂದು ಚಿಕ್ಕ ಚೌಕ ನೋಡಿಕೊಂಡು ಹಾರುವ ಹಕ್ಕಿ ಹಿಡಿಯಬೇಕು. 9 ಫ್ರೇಮ್ ಬೇಕಾ? ಎಂಬಿ-ಡಿ18 ಗ್ರಿಪ್, ಇಎನ್-ಇಎಲ್18 ಬ್ಯಾಟರಿ, ಬಿಎಲ್-5 ಮುಚ್ಚಳ, ಎಂಎಚ್-26 ಚಾರ್ಜರ್. ಎಲ್ಲ ಬೇರೆ ಬೇರೆ ಬಿಲ್. ಬಾಡಿಯೇ 1 ಕೆಜಿ, ಗ್ರಿಪ್ ಸೇರಿದರೆ ರಟ್ಟೆ ಕೇಳಿ. 200-500 ಒಂದೇ 2.3 ಕೆಜಿ.

ಹಳೇ ಕ್ಯಾನನ್‌ನವರು:
ನಿಕಾನ್‌ನವರಿಗೆ ಎರಡೇ ಸೈಜ್ ಗೊತ್ತು. ನನ್ನದು ಕ್ಯಾನನ್ 1ಡಿ ಮಾರ್ಕ್ 4. ಡಿಎಕ್ಸ್‌ಗೂ ಫುಲ್ ಫ್ರೇಮ್‌ಗೂ ನಡುವಿನ ಎಪಿಎಸ್-ಎಚ್ ಸೆನ್ಸರ್, 27.9 × 18.6, ಕ್ರಾಪ್ 1.3. ಹಕ್ಕಿಗೂ ಸರಿ, ಸಂಜೆ ಬೆಳಕಿಗೂ ಸರಿ. 2011ರಲ್ಲಿ ಫುಲ್ ಫ್ರೇಮ್ 1ಡಿ ಎಕ್ಸ್ ಘೋಷಿಸಿದಾಗ ಆ ಸೈಜೇ ಮುಗಿಯಿತು. 1ಡಿ ಎಕ್ಸ್‌ನ 18 ಮೆಗಾಪಿಕ್ಸೆಲ್ ಅನ್ನು ನನ್ನ ಫ್ರೇಮಿಗೆ ಕತ್ತರಿಸಿದರೆ 11 ಕೂಡ ಬರುವುದಿಲ್ಲ. ನನ್ನದರಲ್ಲಿ 16 ಇದೆ. ನಡುವೆ ಚಿಕ್ಕ ಸೆನ್ಸರ್‌ನ 7ಡಿ ಮಾರ್ಕ್ 2 ತೆಗೆದುಕೊಂಡು, ಅದಕ್ಕೆಂದು ಇಎಫ್-ಎಸ್ (ಚಿಕ್ಕ ಸೆನ್ಸರ್‌ಗೆಂದೇ ಮಾಡಿದ) ಲೆನ್ಸ್ ಸೇರಿಸಿದೆ. ಅವು 1ಡಿಗೆ ಹಿಡಿಯುವುದೇ ಇಲ್ಲ. ನಿಮಗೆ ಡಿಎಕ್ಸ್ ಲೆನ್ಸ್ ಕ್ರಾಪ್ ಆಗಿಯಾದರೂ ಕೆಲಸ ಮಾಡುತ್ತದೆ. ದೂರುವ ಮೊದಲು ಅದನ್ನು ನೆನಪಿಡಿ.

ಮಿರರ್‌ಲೆಸ್‌ಗೆ ಹೋದವರು:
2022ರಲ್ಲಿ ಡಿ500 ತಯಾರಿಕೆ ನಿಂತಿದೆ. ಕ್ಯಾನನ್‌ನವರು 1ಡಿ ಎಕ್ಸ್ ಮಾರ್ಕ್ 3 ತಮ್ಮ ಕೊನೆಯ ಫ್ಲ್ಯಾಗ್‌ಶಿಪ್ ಎಸ್‌ಎಲ್‌ಆರ್ (ಒಳಗೆ ಕನ್ನಡಿ ಇರುವ ಕ್ಯಾಮೆರಾ) ಎಂದು ಆಗಲೇ ಹೇಳಿದ್ದಾರೆ. ಇನ್ನೂ ಕನ್ನಡಿ ಕ್ಯಾಮೆರಾಕ್ಕೆ ಯಾಕೆ ದುಡ್ಡು ಹಾಕುತ್ತೀರಿ? ನಾನು ಎಲ್ಲ ಮಾರಿ ಕನ್ನಡಿ ಇಲ್ಲದ ಮಿರರ್‌ಲೆಸ್ ತೆಗೆದುಕೊಂಡೆ. ಫೈನ್ ಟ್ಯೂನ್ ಕಾಟವೇ ಇಲ್ಲ. ಸೆನ್ಸರ್ ಮೇಲೇ ಫೋಕಸ್.

ಹಳೇ ಕ್ಯಾನನ್‌ನವರು:
ಕೇಳಿದ್ದು ಎಸ್‌ಎಲ್‌ಆರ್ ಬಗ್ಗೆ. ಪ್ರತಿ ಚರ್ಚೆಗೂ ಇದನ್ನೇ ತರಬೇಡಿ. ನಮ್ಮ ಲೆನ್ಸ್‌ಗಳಿಗೆ ಇವತ್ತು ಬೆಲೆ ಬಿದ್ದಿರುವುದು ನಿಮ್ಮಂಥವರು ಒಟ್ಟಿಗೆ ಮಾರಿದ್ದರಿಂದಲೇ.

ಲ್ಯಾಂಡ್‌ಸ್ಕೇಪ್‌ನವರು:
36 × 24 ದೊಡ್ಡದು ಅನ್ನುತ್ತಿದ್ದೀರಿ. ಪೆಂಟಾಕ್ಸ್ 645ಝಡ್ ನೋಡಿ. 43.8 × 32.8, 51 ಮೆಗಾಪಿಕ್ಸೆಲ್. ಬೆಳಗಿನ ಮಂಜಿನ ಬಣ್ಣ ಅದರಲ್ಲಿ ನೋಡಿದ ಮೇಲೆ ನಾನು ಹಿಂದೆ ತಿರುಗಿಲ್ಲ.

ಹಕ್ಕಿ ಹಿಂದೆ ಓಡಾಡುವವರು:
ಸೆಕೆಂಡಿಗೆ 3 ಫ್ರೇಮ್. ಬೆಟ್ಟ ಹಾರಿಹೋಗುವುದಿಲ್ಲ, ನಿಮಗೆ ಸಾಕು. ಇಲ್ಲಿ ಕೇಳಿದವರಿಗೆ ಸಾಲದು.

ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ಆ ಡಿ850ರ ಶಟರ್ ಕೌಂಟ್ (ಇದುವರೆಗೆ ಶಟರ್ ಬಿದ್ದ ಲೆಕ್ಕ) 1 ಲಕ್ಷದ 40 ಸಾವಿರ. ಅದರ ಬಗ್ಗೆ ಯಾರಾದರೂ ಹೇಳುತ್ತೀರಾ?

ಮದುವೆ ಫೋಟೊಗ್ರಾಫರ್:
ಅದರ ಶಟರ್ ಪರೀಕ್ಷೆ ಮಾಡಿರುವುದು 2 ಲಕ್ಷಕ್ಕೆ. ಅದು ಗ್ಯಾರಂಟಿ ಅಲ್ಲ. ಮೊದಲೇ ಹೋಗಬಹುದು, ದಾಟಿಯೂ ಓಡಬಹುದು. ಶಟರ್ ಬದಲಾಯಿಸುವ ಖರ್ಚನ್ನು ಬೆಲೆಯಲ್ಲಿ ಕಳೆದು ಕೇಳಿ. ಬಿಳಿ ಗೋಡೆಯನ್ನು ಎಫ್/16ರಲ್ಲಿ ತೆಗೆದು ಸೆನ್ಸರ್ ಕಲೆ ನೋಡಿ. ಒಂದೇ ವಸ್ತುವನ್ನು ಲೈವ್ ವ್ಯೂನಲ್ಲೂ (ಹಿಂದಿನ ಪರದೆಯಲ್ಲಿ) ವ್ಯೂಫೈಂಡರ್‌ನಲ್ಲೂ ಫೋಕಸ್ ಮಾಡಿ ಹೋಲಿಸಿ. ಎರಡೂ ಕಾರ್ಡ್ ಸ್ಲಾಟ್‌ಗೆ ಬರೆಸಿ ನೋಡಿ. ನಿಮ್ಮ ಎಕ್ಸ್‌ಕ್ಯೂಡಿ ಕಾರ್ಡ್ ಅದಕ್ಕೂ ಆಗುತ್ತದೆ, ಅಷ್ಟು ಉಳಿಯಿತು.

ಹಕ್ಕಿ ಹಿಂದೆ ಓಡಾಡುವವರು:
ಡಿ500 ಮಾರಲೇಬೇಕು ಅಂತಿದ್ದರೆ ಮೊದಲು ನನಗೆ ಹೇಳಿ. ಹೊಸದು ಇನ್ನು ಬರುವುದಿಲ್ಲ, ನನಗೆ ಎರಡನೇ ಬಾಡಿ ಬೇಕು.