ಸ್ವಿಫ್ಟ್‌ಗೆ 7ಜೆ, ಇಟಿ35 ಅಲಾಯ್ ಚಕ್ರ ಹೊಂದುತ್ತಾ?

ಪ್ರಶ್ನೆ: ಕಾರಲ್ಲಿ ಈಗಿನ ಅಲಾಯ್ 6ಜೆ (ಅಗಲ 6 ಇಂಚು), ಇಟಿ45 (ಆಫ್‌ಸೆಟ್, ಅಂದ್ರೆ ಚಕ್ರದ ಅಗಲದ ನಡುವಿನಿಂದ ಕಾರಿಗೆ ಬೋಲ್ಟ್ ಆಗೋ ಮುಖಕ್ಕಿರೋ ದೂರ, 45 ಮಿ.ಮೀ.). ನೋಡಿಟ್ಟಿರೋದು 7ಜೆ, ಇಟಿ35. ಎರಡರ ಪಿಸಿಡಿಯೂ (ಬೋಲ್ಟ್ ತೂತುಗಳ ಅಳತೆ) 4x100, ಅಂದ್ರೆ 100 ಮಿ.ಮೀ. ವ್ಯಾಸದ ವೃತ್ತದಲ್ಲಿ 4 ಬೋಲ್ಟ್. ಅಷ್ಟು ಸಾಕಲ್ವಾ?

ಉತ್ತರ 1: ಸಾಲದು ಸರ್. ಅಗಲ ಒಂದಿಂಚು ಹೆಚ್ಚಿದರೆ ಎರಡೂ ಕಡೆ 12.7 ಮಿ.ಮೀ. ಬೆಳೆಯುತ್ತೆ. ಆಫ್‌ಸೆಟ್ 10 ಇಳಿದರೆ ಇಡೀ ಚಕ್ರ 10 ಮಿ.ಮೀ. ಹೊರಗೆ ಸರಿಯುತ್ತೆ. ಅಂದ್ರೆ ಹೊರ ಅಂಚು 22.7 ಆಚೆ, ಒಳ ಅಂಚು 2.7 ಒಳಗೆ. ಸ್ಟ್ರಟ್‌ಗೆ (ಒಳಗಡೆ ಇರೋ ಸಸ್ಪೆನ್ಷನ್ ಕಂಬಕ್ಕೆ) ತಾಗೋ ಭಯ ಅಷ್ಟೇನೂ ಇಲ್ಲ. ಆದರೆ ಹಿಂದೆ ಮೂರು ಜನ ಕೂತು ಹಂಪ್ ಹತ್ತಿದಾಗ ಟೈರು ಫೆಂಡರ್ (ಚಕ್ರದ ಮೇಲಿನ ಬಾಡಿ) ಅಂಚಿಗೆ ಉಜ್ಜೋ ಸಾಧ್ಯತೆ ಜಾಸ್ತಿ. 6.5ಜೆ, ಇಟಿ42 ಸಿಕ್ಕರೆ ಬಿಡಬೇಡಿ, ಹೊರಗೆ ಬರೋದು ಸುಮಾರು 9 ಮಾತ್ರ.

ಉತ್ತರ 2: ಸೆಂಟರ್ ಬೋರ್ (ಚಕ್ರದ ನಡುವಿನ ತೂತು) ಮರೀಬೇಡಿ. ಅದರೊಳಗೆ ಕೂರೋ ಸ್ವಿಫ್ಟ್ ಹಬ್ 54.1 ಮಿ.ಮೀ. ಅಲಾಯ್ ತೂತು ದೊಡ್ಡದಿದ್ದು ಹಬ್ ರಿಂಗ್ (ಆ ಸಂದು ತುಂಬೋ ಬಳೆ) ಹಾಕದಿದ್ರೆ ಚಕ್ರ ನಡುವಿಗೆ ಕೂರಲ್ಲ, ಬ್ಯಾಲೆನ್ಸಿಂಗ್ ಮಾಡಿಸಿದ್ರೂ ಸ್ಟೀರಿಂಗ್ ನಡುಗಬಹುದು.

ಉತ್ತರ 3: ದುಡ್ಡು ಕೊಡೋ ಮೊದಲು ಟೈರ್ ಸಮೇತ ಒಂದನ್ನು ಮುಂದೆ ಹಾಕಿಸಿ, ಸ್ಟೀರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಿ.