ಎಚ್‌ಬಿಎಸ್‌ಎಜಿ ಪಾಸಿಟಿವ್ ಸಂಖ್ಯೆ ಏರಿದೆ: ಇದನ್ನು ಹೆಪಟೈಟಿಸ್ ಬಿ ಔಟ್‌ಬ್ರೇಕ್ ಎನ್ನಬಹುದೇ?

ತಾಲ್ಲೂಕು_ಲ್ಯಾಬ್:
ನಮಸ್ಕಾರ. ಸರ್ಕಾರಕ್ಕೆ ರೋಗಗಳ ವರದಿ ಕಳುಹಿಸುವ ಐಎಚ್‌ಐಪಿ ಪೋರ್ಟಲ್‌ನ ಎಲ್ ಫಾರಂನಲ್ಲಿ (ಲ್ಯಾಬ್ ವರದಿಯ ನಮೂನೆ) ಹಿಂದಿನ ಮೂರು ತಿಂಗಳಲ್ಲಿ 6 ಹೆಪಟೈಟಿಸ್ ಬಿ ಇದ್ದದ್ದು ಈ ಮೂರು ತಿಂಗಳಲ್ಲಿ 19 ಆಗಿದೆ. ಎಲ್ಲವೂ ರ‍್ಯಾಪಿಡ್ ಕಾರ್ಡ್‌ನಲ್ಲಿ (ತ್ವರಿತ ಪರೀಕ್ಷೆ) ಎಚ್‌ಬಿಎಸ್‌ಎಜಿ, ಅಂದರೆ ಬಿ ವೈರಸ್‌ನ ಹೊರಪದರದ ಪ್ರೋಟೀನ್, ಪಾಸಿಟಿವ್. ಗರ್ಭಿಣಿಯರು, ಆಪರೇಷನ್‌ಗೆ ಮುಂಚೆ ಟೆಸ್ಟ್ ಆದವರು, ಡಯಾಲಿಸಿಸ್‌ನವರು, ಕಾಮಾಲೆ ಬಂದವರು ಎಲ್ಲರೂ ಒಂದೇ ಪಟ್ಟಿಯಲ್ಲಿದ್ದಾರೆ. ಔಟ್‌ಬ್ರೇಕ್ ಎಂದು ಜಿಲ್ಲೆಗೆ ತಿಳಿಸಬೇಕೇ? ಬೇರ್ಪಡಿಸುವುದಾದರೆ ಹೇಗೆ?

ಸರ್ವೇಕ್ಷಣಾ_ಘಟಕ:
ಮೊದಲು ಒಟ್ಟು ಎಷ್ಟು ಟೆಸ್ಟ್ ಆಗಿವೆ ನೋಡಿ. 600ರಲ್ಲಿ 6 ಬಂದರೂ 1,900ರಲ್ಲಿ 19 ಬಂದರೂ ಅದು ಶೇ 1 ಅಷ್ಟೇ. ಕಿಟ್ ಸರಬರಾಜಾದ ತಿಂಗಳು, ಶಸ್ತ್ರಚಿಕಿತ್ಸಾ ಶಿಬಿರ ನಡೆದ ತಿಂಗಳು ಪಾಸಿಟಿವ್ ಏರುವುದು ಸಹಜ. ಟೆಸ್ಟ್ ಮಾಡಿದವರ ಸಂಖ್ಯೆ ಇಲ್ಲದ ವರದಿಯಿಂದ ಏನೂ ಹೇಳಲಾಗದು.

ಎರಡನೆಯದು, ಎಚ್‌ಬಿಎಸ್‌ಎಜಿ ಪಾಸಿಟಿವ್ ಎಂದರೆ ಮೈಯಲ್ಲಿ ವೈರಸ್ ಇದೆ ಎಂದಷ್ಟೇ ಅರ್ಥ. ಅದು ಹೋದ ತಿಂಗಳು ಅಂಟಿದ್ದೋ, ಹುಟ್ಟಿದಾಗಲೇ ತಾಯಿಯಿಂದ ಬಂದದ್ದೋ ಕಾರ್ಡ್ ಹೇಳುವುದಿಲ್ಲ. ಹೊಸ ಸೋಂಕು ಎನ್ನಲು ಐಜಿಎಂ ಆ್ಯಂಟಿ-ಎಚ್‌ಬಿಸಿ (ಸೋಂಕಿನ ಆರಂಭದಲ್ಲಿ ಮೂಡುವ ಪ್ರತಿಕಾಯ) ಬೇಕು. ಉದಾಹರಣೆಗೆ ಎರಡು ಸಾಲು ನೋಡಿ (ಎಎಲ್‌ಟಿ ಎಂದರೆ ಯಕೃತ್ತಿಗೆ ಪೆಟ್ಟಾದಾಗ ರಕ್ತದಲ್ಲಿ ಏರುವ ಕಿಣ್ವ): "24 ವರ್ಷ, ಗರ್ಭಿಣಿ, 12ನೇ ವಾರ, ಕಾಮಾಲೆ ಇಲ್ಲ, ಎಎಲ್‌ಟಿ 22" ಮತ್ತು "41 ವರ್ಷ, ಕಾಮಾಲೆ 9 ದಿನದಿಂದ, ಎಎಲ್‌ಟಿ 1,340, ಐಜಿಎಂ ಪಾಸಿಟಿವ್". ಔಟ್‌ಬ್ರೇಕ್ ಲೆಕ್ಕಕ್ಕೆ ಬರುವುದು ಎರಡನೆಯದು ಮಾತ್ರ. ಮೊದಲನೆಯದು ಬಹುತೇಕ ಹಳೆಯ ಸೋಂಕು. 6 ತಿಂಗಳ ನಂತರವೂ ಎಚ್‌ಬಿಎಸ್‌ಎಜಿ ಉಳಿದರೆ ದೀರ್ಘಕಾಲದ್ದು ಎಂದು ಖಚಿತ.

ಲೈನ್ ಲಿಸ್ಟ್‌ಗೆ (ಒಬ್ಬೊಬ್ಬರಿಗೆ ಒಂದೊಂದು ಸಾಲಿನ ಪಟ್ಟಿ) ಈ ಕಾಲಂಗಳನ್ನು ಸೇರಿಸಿ: ಟೆಸ್ಟ್ ಮಾಡಿಸಿದ ಕಾರಣ, ಕಾಮಾಲೆ ಶುರುವಾದ ದಿನ, ಎಎಲ್‌ಟಿ, ಐಜಿಎಂ ಫಲಿತಾಂಶ, ಹಿಂದೆ ಪಾಸಿಟಿವ್ ಬಂದಿತ್ತೇ, ಕೊನೆಯ ಲಸಿಕೆ ದಿನಾಂಕ. ಲಸಿಕೆ ಕಾಲಂ ಯಾಕೆಂದರೆ, ಹೆಪಟೈಟಿಸ್ ಬಿ ಲಸಿಕೆ ಪಡೆದ ಮೇಲೆ ಸುಮಾರು ಮೂರು ವಾರ ಎಚ್‌ಬಿಎಸ್‌ಎಜಿ ಸುಳ್ಳು ಪಾಸಿಟಿವ್ ಬರಬಹುದು. ನರ್ಸಿಂಗ್ ವಿದ್ಯಾರ್ಥಿಗಳಿಗೆ ಲಸಿಕೆ ಹಾಕಿದ ವಾರವೇ ಸ್ಕ್ರೀನಿಂಗ್ ಮಾಡಿದರೆ ಈ ಗೊಂದಲ ಆಗುತ್ತದೆ.

ನಕಲು ಎಣಿಕೆಯನ್ನೂ ತೆಗೆಯಿರಿ. ಒಬ್ಬರೇ ಪಿಎಚ್‌ಸಿ, ಖಾಸಗಿ ಲ್ಯಾಬ್, ಜಿಲ್ಲಾಸ್ಪತ್ರೆ ಸುತ್ತಿದರೆ ಮೂರು ಪ್ರಕರಣವಾಗುತ್ತದೆ. ಹೆಸರಿನ ಕಾಗುಣಿತ ಪ್ರತಿ ಕಡೆ ಬದಲಾಗುವುದರಿಂದ ಫೋನ್ ಸಂಖ್ಯೆ, ವಯಸ್ಸು, ಊರು ಮೂರನ್ನೂ ತಾಳೆ ನೋಡಿ. ಈ ಪಟ್ಟಿಯನ್ನು ದಯವಿಟ್ಟು ವಾಟ್ಸ್ಆ್ಯಪ್ ಗುಂಪಿಗೆ ಹಾಕಬೇಡಿ. ಊರಲ್ಲಿ ಸುದ್ದಿ ಹಬ್ಬಿದರೆ ಆ ಕುಟುಂಬ ಮತ್ತೆ ಆಸ್ಪತ್ರೆ ಕಡೆ ತಲೆ ಹಾಕುವುದಿಲ್ಲ.

ಸೂಕ್ಷ್ಮಾಣು_ವಿಭಾಗ:
ಮೇಲಿನದಕ್ಕೆ ಒಂದು ಸೇರ್ಪಡೆ. ಕಾಮಾಲೆ ಇದೆ, ಎಚ್‌ಬಿಎಸ್‌ಎಜಿಯೂ ಪಾಸಿಟಿವ್ ಎಂದಾಕ್ಷಣ ಕಾಮಾಲೆಗೆ ಬಿ ವೈರಸ್ಸೇ ಕಾರಣ ಎನ್ನಬೇಡಿ. ಹಳೆಯ ಬಿ ಸೋಂಕು ಇರುವವರಿಗೆ ಕಲುಷಿತ ನೀರಿನಿಂದ ಹೆಪಟೈಟಿಸ್ ಎ ಅಥವಾ ಇ ಬರಬಹುದು. ಅದನ್ನು ಬಿ ಎಂದು ಬರೆದರೆ, ಪೈಪ್ ಒಡೆದು ಚರಂಡಿ ನೀರು ಸೇರುತ್ತಿರುವ ಜಾಗವನ್ನು ಯಾರೂ ಹುಡುಕುವುದೇ ಇಲ್ಲ. ಹಾಗಾಗಿ ಕಾಮಾಲೆ ಇರುವವರಿಗೆ ನಾಲ್ಕನ್ನೂ ಒಟ್ಟಿಗೆ ಮಾಡಿ: ಎ ಐಜಿಎಂ, ಇ ಐಜಿಎಂ, ಎಚ್‌ಬಿಎಸ್‌ಎಜಿ, ಐಜಿಎಂ ಆ್ಯಂಟಿ-ಎಚ್‌ಬಿಸಿ.

ಐಜಿಎಂ ಕೂಡ ಕೆಲವೊಮ್ಮೆ ದಾರಿ ತಪ್ಪಿಸುತ್ತದೆ. ದೀರ್ಘಕಾಲದ ಸೋಂಕು ಉಲ್ಬಣಿಸಿದಾಗ ಅದು ಕಡಿಮೆ ಮಟ್ಟದಲ್ಲಿ ಪಾಸಿಟಿವ್ ಬರುವುದುಂಟು. ಎಲೈಸಾದಲ್ಲಿ (ಪ್ರತಿಕಾಯ ಅಳೆಯುವ ಲ್ಯಾಬ್ ಪರೀಕ್ಷೆ) ಫಲಿತಾಂಶ ಪಾಸಿಟಿವ್ ಎನ್ನುವ ಕಟ್-ಆಫ್‌ಗಿಂತ ಸ್ವಲ್ಪವೇ ಮೇಲಿದ್ದರೆ ಹಳೆಯ ರಿಪೋರ್ಟ್ ತರಿಸಿ ನೋಡಿ.

ಹೆರಿಗೆ_ವಾರ್ಡ್:
ಗರ್ಭಿಣಿಯರು ಔಟ್‌ಬ್ರೇಕ್ ಲೆಕ್ಕಕ್ಕೆ ಬರುವುದಿಲ್ಲ ನಿಜ, ಆದರೆ ಪಟ್ಟಿಯಲ್ಲಿ ಎಲ್ಲರಿಗಿಂತ ಅವಸರದ ಕೆಲಸ ಅವರದ್ದೇ. ಹುಟ್ಟುವಾಗ ಸೋಂಕು ತಗುಲಿದ ಮಕ್ಕಳಲ್ಲಿ ಸುಮಾರು ಶೇ 90ರಷ್ಟು ಮಂದಿಗೆ ಅದು ದೀರ್ಘಕಾಲ ಉಳಿಯುತ್ತದೆ. ದೊಡ್ಡವರಲ್ಲಿ ಹಾಗಾಗುವುದು ಶೇ 5ಕ್ಕಿಂತ ಕಡಿಮೆ. ಎಲ್ ಫಾರಂ ಕಳುಹಿಸಿ ಸುಮ್ಮನಾದರೆ ಆ ತಾಯಿ ಎಲ್ಲಿ ಹೆರುತ್ತಾಳೆ ಎಂಬುದು ಯಾರಿಗೂ ಗೊತ್ತಿರುವುದಿಲ್ಲ. ಚೊಚ್ಚಲ ಹೆರಿಗೆಗೆ ತವರಿಗೆ ಹೋದರೆ ತಾಲ್ಲೂಕೇ ಬದಲಾಗುತ್ತದೆ. ತಾಯಿ ಕಾರ್ಡ್‌ನ ಆರ್‌ಸಿಎಚ್ ಸಂಖ್ಯೆ, ಹೆರಿಗೆಯ ನಿರೀಕ್ಷಿತ ದಿನಾಂಕ, ತವರಿನ ಪಿಎಚ್‌ಸಿ ಈ ಮೂರನ್ನೂ ಬರೆದಿಟ್ಟು, 28ನೇ ವಾರದೊಳಗೆ ಎಚ್‌ಬಿವಿ ಡಿಎನ್‌ಎ (ರಕ್ತದಲ್ಲಿ ವೈರಸ್ ಎಷ್ಟಿದೆ ಎಂದು ಅಳೆಯುವ ಪರೀಕ್ಷೆ) ಮಾಡಿಸಿ. ಅದು ಒಂದು ಎಂಎಲ್‌ಗೆ 2 ಲಕ್ಷ ಐಯು ದಾಟಿದ್ದರೆ ವೈರಸ್ ತಗ್ಗಿಸುವ ಟೆನೊಫೊವಿರ್ ಮಾತ್ರೆ ಬಗ್ಗೆ ವೈದ್ಯರು ನಿರ್ಧರಿಸಬೇಕು.

ಮಗುವಿಗೆ 0.5 ಎಂಎಲ್ ಲಸಿಕೆ 24 ಗಂಟೆಯೊಳಗೆ, ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು. ಇಮ್ಯುನೋಗ್ಲೋಬುಲಿನ್ (ಬಿ ವೈರಸ್ ವಿರುದ್ಧದ ಸಿದ್ಧ ಪ್ರತಿಕಾಯ) ಇದ್ದರೆ 12 ಗಂಟೆಯೊಳಗೆ, ಇನ್ನೊಂದು ತೊಡೆಗೆ. ಭಾನುವಾರ ರಾತ್ರಿ ಹೆರಿಗೆಯಾದಾಗ "ಒಂದು ಮಗುವಿಗಾಗಿ 10 ಡೋಸ್ ವಯಲ್ ಒಡೆಯಬೇಕೇ" ಎಂಬ ಹಿಂಜರಿಕೆಯಿಂದಲೇ ಈ ಡೋಸ್ ತಪ್ಪುತ್ತದೆ. ಹಿಂಜರಿಯಬೇಕಿಲ್ಲ. 2ರಿಂದ 8 ಡಿಗ್ರಿಯಲ್ಲಿಟ್ಟು, ವಿವಿಎಂ (ವಯಲ್ ಮೇಲಿನ ಶಾಖ ಸೂಚಕ ಗುರುತು) ಸರಿಯಿದ್ದು, ತೆರೆದ ದಿನಾಂಕ ಬರೆದಿದ್ದರೆ ಅದೇ ವಯಲ್ ಅನ್ನು 4 ವಾರ ಬಳಸಬಹುದು. ಹೆಪ್ಪುಗಟ್ಟಿದ್ದನ್ನು ಮಾತ್ರ ಬಳಸಲೇಬಾರದು.

ತಾಲ್ಲೂಕು_ಲ್ಯಾಬ್:
ಇಷ್ಟು ವಿವರವಾಗಿ ತಿಳಿಸಿದ್ದಕ್ಕೆ ಎಲ್ಲರಿಗೂ ಧನ್ಯವಾದ. ಬೇರ್ಪಡಿಸಿದ ಮೇಲೂ ಐಜಿಎಂ ಪಾಸಿಟಿವ್ ಇರುವ ಮೂವರು ಅಕ್ಕಪಕ್ಕದ ಊರಿನವರೇ ಆಗಿ ಉಳಿದರೆ?

ಸರ್ವೇಕ್ಷಣಾ_ಘಟಕ:
ಹಾಗಿದ್ದರೆ ಅದೇ ದಿನ ಜಿಲ್ಲಾ ಸರ್ವೇಕ್ಷಣಾಧಿಕಾರಿಗೆ ತಿಳಿಸಿ. ಕಾಮಾಲೆ ಶುರುವಾದ ದಿನದಿಂದ ಹಿಂದಕ್ಕೆ 6 ವಾರದಿಂದ 6 ತಿಂಗಳವರೆಗಿನ ಅವಧಿಯನ್ನು ಕೆದಕಬೇಕು: ಇಂಜೆಕ್ಷನ್, ಡ್ರಿಪ್, ಹಲ್ಲು ಕೀಳಿಸಿದ್ದು, ರಕ್ತ ಹಾಕಿಸಿದ್ದು, ಡಯಾಲಿಸಿಸ್, ಹಚ್ಚೆ, ಕ್ಷೌರ, ಮನೆಯಲ್ಲಿ ಅಥವಾ ಸಂಗಾತಿಗೆ ಸೋಂಕು. "ಇಂಜೆಕ್ಷನ್ ತಗೊಂಡಿದ್ರಾ" ಎಂದಷ್ಟೇ ಕೇಳಿದರೆ ಇಲ್ಲ ಎನ್ನುತ್ತಾರೆ. "ಜ್ವರ, ಸೊಂಟನೋವು ಬಂದಾಗ ಎಲ್ಲಿ ತೋರಿಸಿದ್ರಿ" ಎಂದು ಕೇಳಿ.

2009ರಲ್ಲಿ ಗುಜರಾತ್‌ನ ಮೊಡಾಸಾದಲ್ಲಿ ಸಿರಿಂಜ್ ಮರುಬಳಕೆಯಿಂದ ಹೆಪಟೈಟಿಸ್ ಬಿ ಹರಡಿ ಹಲವರು ಸತ್ತರು. ಮೂವರೂ ಒಂದೇ ಕ್ಲಿನಿಕ್ ಹೆಸರು ಹೇಳಿದರೆ ಅಲ್ಲಿ ಸಿರಿಂಜ್ ಖರೀದಿ ಬಿಲ್ಲನ್ನು ರೋಗಿಗಳ ರಿಜಿಸ್ಟರ್ ಜೊತೆ ತಾಳೆ ಹಾಕಬೇಕು. ತಿಂಗಳಿಗೆ 900 ಇಂಜೆಕ್ಷನ್, 300 ಸಿರಿಂಜ್ ಎಂದರೆ ಉತ್ತರ ಸಿಕ್ಕಂತೆಯೇ. ಸೂಜಿ ಮಾತ್ರ ಬದಲಿಸಿ ಸಿರಿಂಜ್ ಅದನ್ನೇ ಇಡುತ್ತಾರೆಯೇ, ಬಳಸಿದ ಸೂಜಿಯನ್ನೇ ಮಲ್ಟಿಡೋಸ್ ವಯಲ್‌ಗೆ ಚುಚ್ಚುತ್ತಾರೆಯೇ ಎಂಬುದನ್ನೂ ಕಣ್ಣಾರೆ ನೋಡಬೇಕು. ಆ ಮೂವರ ಸೀರಂ (ರಕ್ತದಿಂದ ಬೇರ್ಪಡಿಸಿದ ದ್ರವ) ಚೆಲ್ಲಬೇಡಿ. ಮೈನಸ್ 20 ಡಿಗ್ರಿಯಲ್ಲಿ ಇಟ್ಟಿರಿ, ವೈರಸ್ ಒಂದೇ ಮೂಲದ್ದೇ ಎಂದು ಹೋಲಿಸಲು ಬೇಕಾಗುತ್ತದೆ.